ಸೈದು ಬ್ಯಾರಿಯ ರಜೆ ಮತ್ತು ಕುವೈತಿನ ಮಜ್ಲಿಸ್

ಕುವೈತಿನ ಸಂಸತ್ತು ಪೂರ್ತಿ ನಾಲ್ಕು ವರ್ಷ ಬಾಳಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಳ್ಳುತ್ತಿದ್ದ ಮನುಷ್ಯ ಇಡೀ ದೇಶದಲ್ಲಿ ಬಹುಶಃ ಒಬ್ಬನೇ ಇದ್ದ. ಆ ಸಂಸತ್ತಿಗೆ ಅವನ ಓಟು ಬೇಕಿರಲಿಲ್ಲ. ಅಲ್ಲಿ ನಡೆಯುವ ಭಾಷಣಗಳಲ್ಲಿ ಒಂದು ವಾಕ್ಯವೂ ಅವನಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಆದರೂ ಆ ಸಭೆ ಕೆಮ್ಮಿದರೆ ಸೈದು ಬ್ಯಾರಿಗೆ ಜ್ವರ ಬರುತ್ತಿತ್ತು.

ಸೈದು ಮಂಗಳೂರು ಬಂದರಿನವನು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಟೆಂಟ್ ಬಾಡಿಗೆ ಕಂಪನಿಯಲ್ಲಿ ಫೋರ್ಮನ್. ನಾನು, ಬಜ್ಪೆಯ ಸೈಮನ್, ಅದೇ ಕಂಪನಿಯ ಆಫೀಸಿನಲ್ಲಿ ಕುಳಿತು ಯಾವ ಟೆಂಟು ಯಾವ ದಿನ ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುವ ಗುಮಾಸ್ತ. ಅವನು ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದ, ನಾನು ಅವನನ್ನು ಬ್ಯಾರಿ ಎನ್ನುತ್ತಿದ್ದೆ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬು, ಮುಸ್ಲಿಮರನ್ನು ಬ್ಯಾರಿ ಎನ್ನುವುದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ನಮ್ಮ ಮಾತು ತುಳುವಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಅವನು ಹುಡುಗನಾಗಿದ್ದಾಗ ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಒಯ್ಯುವ ಮಂಜಿಯಲ್ಲಿ, ಅಂದರೆ ಹಾಯಿಯ ಸರಕು ದೋಣಿಯಲ್ಲಿ, ಕೆಲಸ ಮಾಡಿದವನು. ಹಗ್ಗದ ಗಂಟು ಕಲಿತದ್ದು ಅಲ್ಲಿ. ಯುದ್ಧ ಮುಗಿದು ಕುವೈತು ಮತ್ತೆ ಕಣ್ಣು ಬಿಡುತ್ತಿದ್ದ ಕಾಲಕ್ಕೆ ಬಂದ. ಒಂದು ಏಪ್ರಿಲಿನಲ್ಲಿ ಧೂಳಿನ ಬಿರುಗಾಳಿ ಎದ್ದು ಬೇರೆಯವರ ಟೆಂಟುಗಳೆಲ್ಲ ಅತಿಥಿಗಳ ತಲೆಯ ಮೇಲೆ ಮಗುಚಿದಾಗ ಸೈದು ಕಟ್ಟಿದ್ದು ಅಲ್ಲಾಡದೆ ನಿಂತಿತ್ತು. ಅಂದಿನಿಂದ ನಮಗೆ ವೀಸಾ ಕೊಟ್ಟ ಧಣಿ, ನಮ್ಮ ಕಫೀಲ್ ಅಬು ನಾಸಿರ್‌ಗೆ ಅವನೆಂದರೆ ಪ್ರಾಣ. ಆ ಪ್ರೀತಿಯೇ ಅವನ ಕುತ್ತಿಗೆಗೆ ಬಂತು ಎಂದು ನಾನು ಈಗಲೂ ಹೇಳುತ್ತೇನೆ. ಸ್ವಲ್ಪ ಸಡಿಲ ಕಟ್ಟುವವನಾಗಿದ್ದರೆ ಊರಿಗೆ ಹೋಗಿ ಬಂದು ಸುಖವಾಗಿ ಇರುತ್ತಿದ್ದ.

ನಮ್ಮ ಟೆಂಟುಗಳಿಗೆ ಮದುವೆ ಬೇಕು, ಸಾವು ಬೇಕು, ರಂಜಾನ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಚುನಾವಣೆ ಬೇಕು. ನಮ್ಮ ಊರಿನಲ್ಲಿ ಓಟು ಕೇಳುವವನು ಮನೆಮನೆಗೆ ಬಂದು ಕೈ ಮುಗಿಯುತ್ತಾನೆ. ಕುವೈತಿನಲ್ಲಿ ಓಟು ಹಾಕುವವನೇ ಅಭ್ಯರ್ಥಿಯ ಟೆಂಟಿಗೆ ಬರುತ್ತಾನೆ. ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಏರಿಯಾದಲ್ಲಿ ಒಂದು ದೊಡ್ಡ ಟೆಂಟು ಹಾಕಿ, ಕಾರ್ಪೆಟ್ ಹಾಸಿ, ಎಸಿ ಇಟ್ಟು, ಸಂಜೆಯಾದರೆ ಭಾಷಣ ಮಾಡಿ ಊಟ ಹಾಕುತ್ತಾನೆ. ಮತದಾರ ಇಲ್ಲಿ ಭಾಷಣ ಕೇಳಿ, ಅಲ್ಲಿ ಊಟ ಮಾಡಿ, ಇನ್ನೊಂದು ಕಡೆ ಕಾಫಿ ಕುಡಿದು ಮನೆಗೆ ಹೋಗುತ್ತಾನೆ. ಓಟು ಯಾರಿಗೆಂದು ಅವನಿಗೂ ದೇವರಿಗೂ ಗೊತ್ತು. ನಮಗೆ ಗೊತ್ತಿದ್ದದ್ದು ಇಷ್ಟೇ: ಚುನಾವಣೆ ಘೋಷಣೆಯಾದ ದಿನದಿಂದ ಮತದಾನ ಮುಗಿಯುವ ತನಕ ಕಂಪನಿಯಲ್ಲಿ ಯಾರಿಗೂ ರಜೆ ಇಲ್ಲ.

ಅಬು ನಾಸಿರ್ ಕೆಟ್ಟ ಮನುಷ್ಯನಲ್ಲ. ಸಂಬಳ ತಡ ಮಾಡಿದವನಲ್ಲ. ಸೈದುವಿಗೆ ಹೊಟ್ಟೆಯ ಆಪರೇಷನ್ ಆದಾಗ ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದವನು. ನಮ್ಮ ಪಾಸ್‌ಪೋರ್ಟುಗಳನ್ನು ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ, ಜೋಪಾನವಾಗಿರಲಿ ಎಂದು. ಆ ಜೋಪಾನದ ಅರ್ಥ ನಮಗೆಲ್ಲ ಗೊತ್ತಿತ್ತು. ಅಲ್ಲಿ ವಾಸಿಸುವ ಪರವಾನಗಿ, ಅಂದರೆ ಇಕಾಮಾ, ಅವನ ಹೆಸರಿನಲ್ಲಿ, ಅವನು ಸಹಿ ಹಾಕದೆ ಕೆಲಸ ಬಿಟ್ಟರೆ ಪರಾರಿಯಾದವನೆಂದು ಕೇಸು. ಆದರೂ ಅವನು ರಾಕ್ಷಸನಾಗಿದ್ದರೆ ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಅವನು ನಗುನಗುತ್ತ ಹೆಗಲ ಮೇಲೆ ಕೈ ಹಾಕಿ, "ಬಾದ್ ಇಂತಿಖಾಬಾತ್, ಸೈದು" ಎನ್ನುತ್ತಿದ್ದ. ಚುನಾವಣೆ ಮುಗಿದ ಮೇಲೆ ಎಂದು ಅದರ ಅರ್ಥ. ಸೈದು ಕುವೈತಿನಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಅದೇ.

ಎರಡು ಸಾವಿರದ ಆರರ ತನಕ ಅವನಿಗೆ ಈ ರಾಜಕೀಯ ಬೇಕಿರಲಿಲ್ಲ. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಹಿಂದಿನದ್ದು ಮೂರರಲ್ಲಿ ಆಗಿದೆ, ಮುಂದಿನದ್ದು ಏಳರಲ್ಲಿ ಎಂದು ಲೆಕ್ಕ ಹಾಕಿ, ಆರರ ಜೂನಿಗೆ ಟಿಕೆಟ್ ತೆಗೆದಿದ್ದ. ಹೆಂಡತಿ ಸುಲೈಖಾಳಿಗೂ ಮಗಳು ಫಾತಿಮತ್ ಶಹನಾಳಿಗೂ ಸಾಮಾನು ಕಟ್ಟಿಯಾಗಿತ್ತು. ಆಗ ಮೇ ತಿಂಗಳಲ್ಲಿ ಮಜ್ಲಿಸ್, ಅಂದರೆ ಅವರ ಸಂಸತ್ತು, ವಿಸರ್ಜನೆಯಾಯಿತು. ಟಿಕೆಟ್ ಹೋಯಿತು. ಅವನು ಊರು ಕಂಡದ್ದು ಸೆಪ್ಟೆಂಬರಿನಲ್ಲಿ.

ಆ ಸಲ ಜಗಳ ಇದ್ದದ್ದು ಕ್ಷೇತ್ರಗಳ ಬಗ್ಗೆ. ಇಷ್ಟು ಪುಟ್ಟ ದೇಶವನ್ನು ಇಪ್ಪತ್ತೈದು ಕ್ಷೇತ್ರ ಮಾಡಿ, ಒಂದೊಂದರಿಂದ ಇಬ್ಬಿಬ್ಬರನ್ನು ಆರಿಸುತ್ತಿದ್ದರು. ಕ್ಷೇತ್ರ ಚಿಕ್ಕದಾದಷ್ಟೂ ಓಟನ್ನು ಕೊಳ್ಳುವುದು ಸುಲಭ, ಐದೇ ಕ್ಷೇತ್ರ ಮಾಡಿ ಎಂದು ಯುವಕರು ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಕೂಗುತ್ತಿದ್ದರು. ನಾನು ಇಂಗ್ಲಿಷ್ ಪೇಪರ್ ಓದಿ ಇದನ್ನು ವಿವರಿಸಿದಾಗ ಸೈದುವಿನ ಮುಖ ಅರಳಿತು. ಇಪ್ಪತ್ತೈದು ಹೋಗಿ ಐದಾದರೆ ಟೆಂಟೂ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ತನ್ನನ್ನು ಹಿಡಿದಿಡುವ ಅಗತ್ಯವೇ ಬೀಳುವುದಿಲ್ಲ ಎಂದು ಅವನ ಲೆಕ್ಕ. ಕಿತ್ತಳೆ ಹುಡುಗರು ಗೆಲ್ಲಲಿ ಎಂದು ಆ ಬೇಸಗೆಯಿಡೀ ಹಾರೈಸಿದ. ಅವರು ಗೆದ್ದರು, ಐದು ಕ್ಷೇತ್ರದ ಕಾನೂನು ಬಂತು. ಆಮೇಲೆ ನೋಡಿದರೆ ಸೀಟು ಅಷ್ಟೇ ಐವತ್ತು, ಒಂದೊಂದು ಕ್ಷೇತ್ರದಿಂದ ಹತ್ತು ಜನ. ಕ್ಷೇತ್ರ ಅಗಲವಾದದ್ದರಿಂದ ಮುಂದಿನ ಸಲ ಒಬ್ಬೊಬ್ಬ ಅಭ್ಯರ್ಥಿಗೆ ಒಂದು ಟೆಂಟು ಸಾಲದೆ ಎರಡು ಮೂರು ಕಡೆ ಬೇಕು ಎಂದಾಯಿತು. ಸಾಲದ್ದಕ್ಕೆ ಹೆಂಗಸರಿಗೂ ಓಟು ಬಂದಿತ್ತು, ಅವರಿಗೆ ಬೇರೆ ಟೆಂಟು, ಬೇರೆ ಬಾಗಿಲು. ಸೈದು ಬೆಂಬಲಿಸಿದ ಸುಧಾರಣೆಗಳೆಲ್ಲ ನೇರ ಬಂದು ಅವನ ಬೆನ್ನ ಮೇಲೆಯೇ ಕುಳಿತವು. ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ, ಆಗ ನಗುವಂತಿತ್ತು.

ನಗು ನಿಂತದ್ದು ಶಹನಾಳ ಮದುವೆಯ ಮಾತು ಬಂದಾಗ. ಅವನಿಗೆ ಅವಳೊಬ್ಬಳೇ ಮಗಳು. ಏಳರಲ್ಲಿ ಅವನ ತಮ್ಮ ಅಬ್ದುಲ್ ಲತೀಫ್ ಒಂದು ಸಂಬಂಧ ನೋಡಿದ. ಹುಡುಗ ಶಬೀರ್, ಸೌದಿಯ ಜುಬೈಲ್‌ನಲ್ಲಿ ಅಂಗಡಿಯಲ್ಲಿದ್ದಾನೆ, ಒಳ್ಳೆಯವನು, ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ರಜೆ. ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಊರಿನಲ್ಲಿ ಹಿರಿಯರು ಯಾವ ತಿಂಗಳು ಒಳ್ಳೆಯದು, ಯಾವುದು ಬೇಡ ಎಂದು ಮಸೀದಿಯ ಉಸ್ತಾದರನ್ನು ಕೇಳುತ್ತಾರೆ. ಸೈದು ನನ್ನ ಮೇಜಿನ ಮುಂದೆ ಕುಳಿತು, ಈ ಮಜ್ಲಿಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದ. ಆರರಲ್ಲಿ ಆದದ್ದು, ಹತ್ತರ ತನಕ ಉಂಟು, ಕ್ಷೇತ್ರದ ಜಗಳವೂ ಮುಗಿದಿದೆ, ಇದು ಗಟ್ಟಿ ಎಂದು ನಾನೂ ಹೇಳಿದೆ, ಅಬು ನಾಸಿರ್ ಕೂಡ ಹೇಳಿದ. ಎಂಟರ ಏಪ್ರಿಲಿಗೆ ನಿಕಾಹ್ ಎಂದು ನಿಶ್ಚಯವಾಯಿತು. ಕುವೈತಿನ ಸಂವಿಧಾನ ನೋಡಿ ಮಗಳ ಮದುವೆಗೆ ಮುಹೂರ್ತ ಇಟ್ಟ ತಂದೆ ಪ್ರಪಂಚದಲ್ಲಿ ಬೇರೆ ಇರಲಿಕ್ಕಿಲ್ಲ.

ಅವರ ನಿಕಾಹ್‌ನ ಕ್ರಮ ನನಗೆ ಅವನೇ ಹೇಳಿ ಕೊಟ್ಟದ್ದು. ಹುಡುಗಿಯ ತಂದೆ ವಲಿ, ಅವಳನ್ನು ಒಪ್ಪಿಸುವ ಹಕ್ಕು ಅವನದ್ದು. ತಂದೆ ಮತ್ತು ಮದುಮಗ ಎದುರೆದುರು ಕುಳಿತು ಬಲಗೈ ಹಿಡಿದುಕೊಳ್ಳುತ್ತಾರೆ. ತಂದೆ ಅರಬಿಯಲ್ಲಿ, ನನ್ನ ಮಗಳನ್ನು ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ ಎನ್ನಬೇಕು. ಮದುಮಗ ಕೂಡಲೇ ಕಬಿಲ್ತು ಎನ್ನಬೇಕು, ಒಪ್ಪಿದೆ ಎಂದು. ಅಷ್ಟೇ, ಮುಗಿಯಿತು. ಸುಮಾರು ಮಂದಿ ತಂದೆಯರು ಉಸ್ತಾದರಿಗೇ ವಹಿಸಿಬಿಡುತ್ತಾರಂತೆ, ಬಾಯಿ ತಪ್ಪೀತೆಂಬ ಹೆದರಿಕೆಗೆ. ಸೈದು ತಾನೇ ಹೇಳುವುದೆಂದು ಹಟ ಹಿಡಿದಿದ್ದ. ಮಗಳು ನಡೆಯಲು ಕಲಿತಾಗ ಅವನು ಕುವೈತಿನಲ್ಲಿ, ಶಾಲೆಗೆ ಸೇರಿದಾಗ ಕುವೈತಿನಲ್ಲಿ, ಹತ್ತನೇ ಕ್ಲಾಸು ಪಾಸಾದಾಗ ಕುವೈತಿನಲ್ಲಿ. ಅವಳ ಯಾವ ಕೆಲಸಕ್ಕೂ ಅವನ ಕೈ ಇರಲಿಲ್ಲ, ಕಳಿಸಿದ ದುಡ್ಡು ಮಾತ್ರ ಇತ್ತು. ಇದೊಂದಕ್ಕೆ ಅವನ ಕೈಯೇ ಬೇಕಿತ್ತು. ಶಹನಾ ಕೂಡ ಫೋನಿನಲ್ಲಿ ಹೇಳಿದ್ದಳು, ಉಪ್ಪ ಬಂದು ಕೈ ಕೊಟ್ಟರೆ ಮಾತ್ರ ನಿಕಾಹ್ ಎಂದು. ಅವರಲ್ಲಿ ಉಪ್ಪ ಎಂದರೆ ಅಪ್ಪ.

ಹಾಗಾಗಿ ಅವನು ಅಭ್ಯಾಸ ಶುರು ಮಾಡಿದ. ಮಧ್ಯಾಹ್ನದ ಬಿಡುವಿನಲ್ಲಿ ಗೋಡೌನಿನ ಮಡಚಿದ ಕಾರ್ಪೆಟ್ಟುಗಳ ಮೇಲೆ ಕುಳಿತು ನನ್ನ ಬಲಗೈ ಹಿಡಿಯುತ್ತಿದ್ದ, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ. ನಿಧಾನವಾಗಿ ಅರಬಿ ಮಾತುಗಳನ್ನು ಹೇಳುತ್ತಿದ್ದ. 'ಬಿನ್ತೀ' ಎಂಬಲ್ಲಿಗೆ ಬಂದಾಗ ಅವನ ಸ್ವರ ತಗ್ಗುತ್ತಿತ್ತು. ನನ್ನ ಮಗಳು ಎಂದು ಅದರರ್ಥ. ಕೆಲಸದವರೆಲ್ಲ ನಗುತ್ತಿದ್ದರು, ಸೈಮನ್ ಭಾಯಿಗೆ ಶಾದಿ ಎಂದು. ನಾನು ಒಮ್ಮೆ ಕೀಟಲೆಗೆ ಕಬಿಲ್ತು ಎನ್ನಹೊರಟೆ. ಅವನು ಥಟ್ಟನೆ ಕೈ ಬಿಟ್ಟ.

"ಅದನ್ನು ನೀವು ಹೇಳ್ಬೇಡಿ ಪೊರ್ಬುಗಳೇ. ಅದು ಶಬೀರ್ ಹೇಳ್ಲಿಕ್ಕೆ ಇರುವುದು."

ಎಂಟರ ಮಾರ್ಚಿನಲ್ಲಿ ಮಂತ್ರಿಮಂಡಲಕ್ಕೂ ಮಜ್ಲಿಸಿಗೂ ಹೊಂದದೆ ಹೋಯಿತು. ಮಂತ್ರಿಗಳು ರಾಜೀನಾಮೆ ಕೊಟ್ಟರು, ದೇಶದ ದೊರೆ ಅಮೀರರು ಮಜ್ಲಿಸನ್ನು ವಿಸರ್ಜಿಸಿದರು. ಎರಡು ತಿಂಗಳೊಳಗೆ ಹೊಸ ಚುನಾವಣೆ ಆಗಬೇಕೆಂದು ಅವರ ಸಂವಿಧಾನ. ಅಂದರೆ ಮೇ ತಿಂಗಳು. ಅಂದರೆ ಏಪ್ರಿಲ್ ಪೂರ್ತಿ ಟೆಂಟು. ಅಬು ನಾಸಿರ್ ಖರ್ಜೂರದ ಪೆಟ್ಟಿಗೆ ತಂದು ಸೈದುವಿನ ಕೈಯಲ್ಲಿಟ್ಟು ತನ್ನ ಮಾತು ಹೇಳಿದ.

ಸೈದು ಊರಿಗೆ ಫೋನು ಮಾಡಿ ಒಂದು ವರ್ಷ ತಡೆಯಿರಿ ಎಂದು ಕೇಳಿಕೊಂಡ. ಹುಡುಗನ ಕಡೆಯವರು ಮುಖ ಊದಿಸಿಕೊಂಡು ಒಪ್ಪಿದರು. ಶಹನಾ ಅವನ ಪಕ್ಷ ಹಿಡಿದಿದ್ದರಿಂದ ಒಪ್ಪಿದರು ಎನ್ನಬೇಕು. ಶಬೀರ್‌ನ ಮುಂದಿನ ರಜೆ ಒಂಬತ್ತರ ಏಪ್ರಿಲಿನಲ್ಲಿ. ನಮಗೆ ರಜೆ ಎರಡು ವರ್ಷಕ್ಕೊಮ್ಮೆ. ಚುನಾವಣೆ ಮುಗಿದ ಕೂಡಲೇ ಜೂನಿನಲ್ಲಿ ಹೋಗಿ ಬಂದರೆ ಒಂಬತ್ತರಲ್ಲಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಅಬು ನಾಸಿರ್ ಹೋಗು ಎಂದಾಗ ಸೈದು ಹೋಗಲಿಲ್ಲ. ತನ್ನ ರಜೆಯನ್ನು ಕೈಯಾರೆ ಮುಂದಿನ ಏಪ್ರಿಲಿಗೆ ಕಟ್ಟಿ ಇಟ್ಟ.

ಆ ಒಂದು ವರ್ಷ ಅವನು ಬದುಕಿದ ರೀತಿ ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಎಂದೂ ಆಗುತ್ತಿತ್ತು. ಮದ್ರಸದಲ್ಲಿ ಓದಿದ್ದರಿಂದ ಅವನಿಗೆ ಅರಬಿ ಅಕ್ಷರ ಓದಲು ಬರುತ್ತಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ. ಪೇಪರಿನಲ್ಲಿ ಒಂದೇ ಒಂದು ಶಬ್ದ ಹುಡುಕುವುದನ್ನು ಕಲಿತುಕೊಂಡ: ಇಸ್ತಿಜ್ವಾಬ್. ಮಜ್ಲಿಸಿನ ಒಬ್ಬನೇ ಸದಸ್ಯ ಎದ್ದು ಒಬ್ಬ ಮಂತ್ರಿಯನ್ನು ಸಭೆಯ ಮುಂದೆ ವಿಚಾರಣೆಗೆ ನಿಲ್ಲಿಸಬಹುದು, ಅದಕ್ಕೆ ಆ ಹೆಸರು. ನಿಂತ ಮಂತ್ರಿ ಬೀಳುತ್ತಾನೆ, ಇಲ್ಲವೇ ಬೀಳುವ ಮೊದಲು ಇಡೀ ಮಂತ್ರಿಮಂಡಲ ಎದ್ದು ಹೋಗುತ್ತದೆ, ಆಮೇಲೆ ಒಮ್ಮೊಮ್ಮೆ ಮಜ್ಲಿಸೇ ಹೋಗುತ್ತದೆ. ಈ ಸರಪಳಿ ಅವನಿಗೆ ಬಾಯಿಪಾಠವಾಗಿತ್ತು. ಅರಬರು ಬಿಟ್ಟು ಹೋದ ಪೇಪರ್ ಎತ್ತಿಕೊಂಡು ಮೊದಲ ಪುಟದ ಮೇಲೆ ಬೆರಳು ಇಟ್ಟು ಅಕ್ಷರ ಕೂಡಿಸಿ ಓದುತ್ತಿದ್ದ. ಆ ಶಬ್ದ ಸಿಕ್ಕಿತೆಂದರೆ ಪೇಪರ್ ಹಿಡಿದು ನನ್ನ ಆಫೀಸಿಗೆ ಓಡಿ ಬರುತ್ತಿದ್ದ, ಯಾರನ್ನು ವಿಚಾರಿಸುತ್ತಾರೆ, ದೊಡ್ಡವನನ್ನೋ ಸಣ್ಣವನನ್ನೋ ಎಂದು. ಶಾಲೆಯ ರಿಪೇರಿ ಬಗ್ಗೆ ಒಬ್ಬ ಮಂತ್ರಿಯನ್ನು ಪ್ರಶ್ನಿಸಿದರೂ ಸೈದು ಊಟ ಬಿಡುತ್ತಿದ್ದ. ಬಿಡು ಮಾರಾಯ, ಪ್ರಶ್ನೆ ಕೇಳಲಿಕ್ಕೇ ಜನ ಅವರನ್ನು ಕಳಿಸಿದ್ದು ಎಂದು ನಾನು ಹೇಳಿದರೆ ಅವನಿಗೆ ಕೋಪ ಬರುತ್ತಿತ್ತು. ನಾಲ್ಕು ವರ್ಷ ಬಾಯಿ ಮುಚ್ಚಿ ಕುಳಿತುಕೊಳ್ಳಲು ಇವರಿಗೆ ಏನು ದಾಡಿ ಎನ್ನುತ್ತಿದ್ದ. ನ್ಯಾಯವಾದ ಪ್ರಶ್ನೆಯನ್ನೂ ದ್ವೇಷಿಸುವ ಹಾಗೆ ಒಬ್ಬ ಸಾಧು ಮನುಷ್ಯನನ್ನು ಮಾಡಿಬಿಟ್ಟಿತ್ತು ಆ ರಜೆ.

ನವೆಂಬರಿನಲ್ಲಿ ಪ್ರಧಾನಿಯನ್ನೇ ವಿಚಾರಣೆಗೆ ಕರೆದರು, ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸೈದು ಹಾಸಿಗೆ ಹಿಡಿದ. ಆದರೆ ಆ ಸಲ ಮಜ್ಲಿಸ್ ಉಳಿಯಿತು. ಹೊಸ ಮಂತ್ರಿಗಳು ಬಂದರು. ಜನವರಿ ದಾಟಿತು, ಫೆಬ್ರವರಿ ದಾಟಿತು. ಅಬು ನಾಸಿರ್ ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದು ಅವನ ಕೈಗೆ ಕೊಟ್ಟ. ಸೈದು ಅದನ್ನು ಖೈತಾನಿನ ತನ್ನ ರೂಮಿನಲ್ಲಿ ದಿಂಬಿನ ಕವರಿನೊಳಗೆ ಇಟ್ಟುಕೊಂಡು ಮಲಗಿದ. ನಿಕಾಹ್‌ಗೆಂದು ಬಿಳಿ ಶರ್ಟು ಕೊಂಡ. ನನ್ನ ಕೈ ಹಿಡಿದು ಮತ್ತೆ ಅಭ್ಯಾಸ ಮಾಡಿದ. ಈ ಸಲ ಬಾಯಿ ಎಲ್ಲಿಯೂ ತಪ್ಪುತ್ತಿರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಅಬು ನಾಸಿರ್ ಸ್ವತಃ ಗೋಡೌನಿಗೆ ಬಂದ. ಕೈಯಲ್ಲಿ ಖರ್ಜೂರದ ಪೆಟ್ಟಿಗೆ ಇತ್ತು. ಅದನ್ನು ಕಂಡೇ ಸೈದುವಿನ ಮುಖ ಬೂದಿಯಾಯಿತು. ಮತ್ತೆ ಪ್ರಧಾನಿಯ ವಿಚಾರಣೆ, ಮತ್ತೆ ರಾಜೀನಾಮೆ, ಈ ಸಲ ಮಜ್ಲಿಸೂ ಇಲ್ಲ, ಮೇ ತಿಂಗಳಲ್ಲಿ ಚುನಾವಣೆ. ಒಂದು ವರ್ಷವೂ ಬಾಳಲಿಲ್ಲ ಅದು.

ಸೈದು ಜೀವನದಲ್ಲಿ ಮೊದಲ ಸಲ ಆ ಮನುಷ್ಯನೊಡನೆ ಬೇಡಿಕೊಂಡ. ಐದು ದಿನ ಸಾಕು, ಮೂರು ದಿನ ಸಾಕು, ಹೋಗಿ ಕೈ ಕೊಟ್ಟು ಬರುತ್ತೇನೆ ಎಂದ. ನಾನೂ ಮಧ್ಯೆ ಬಾಯಿ ಹಾಕಿದೆ. ಅಬು ನಾಸಿರ್ ಕೋಪಿಸಿಕೊಳ್ಳಲಿಲ್ಲ. ಕಾರ್ಪೆಟ್ ಕಂತೆಯ ಮೇಲೆ ಅವನ ಪಕ್ಕ ಕುಳಿತ. ಇದು ಬಿರುಗಾಳಿಯ ತಿಂಗಳು, ಒಂದು ಟೆಂಟು ಬಿದ್ದು ಒಬ್ಬ ಮತದಾರ ಸತ್ತರೆ ನಾನು ಮುಗಿದೆ, ನಿನ್ನ ಗಂಟಿನ ಮೇಲೆ ನನ್ನ ಮನೆ ನಿಂತಿದೆ ಎಂದ. ಆಮೇಲೆ ಸಮಾಧಾನದ ಸ್ವರದಲ್ಲಿ, ತನ್ನ ಎರಡನೇ ಮಗಳ ನಿಕಾಹ್ ದಿನ ತಾನೂ ಲಂಡನ್ನಿನ ಆಸ್ಪತ್ರೆಯಲ್ಲಿದ್ದೆ, ತಮ್ಮನನ್ನು ವಕೀಲನನ್ನಾಗಿ ಮಾಡಿದೆ, ನಮ್ಮ ಧರ್ಮದಲ್ಲಿ ಅದಕ್ಕೆ ಅನುಮತಿ ಉಂಟಲ್ಲ ಎಂದ. ವಕೀಲನೆಂದರೆ ಕೋರ್ಟಿನವನಲ್ಲ, ತಂದೆಯ ಪರವಾಗಿ ಕೈ ಕೊಡುವವನು. ಅವನು ಹೇಳಿದ್ದು ಸರಿಯೇ ಇತ್ತು. ಮರುದಿನ ದಿಂಬಿನ ಕವರಿನಿಂದ ಪಾಸ್‌ಪೋರ್ಟ್ ತೆಗೆದು ತಾನೇ ಹೋಗಿ ಆಫೀಸಿನಲ್ಲಿ ಕೊಟ್ಟ. ಯಾರೂ ಕೇಳಿರಲಿಲ್ಲ.

ಅವನನ್ನು ಕಟ್ಟಿ ಹಾಕಿದವರು ಯಾರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರಶ್ನೆ ಕೇಳಿದ ಸದಸ್ಯನದ್ದು ತಪ್ಪಲ್ಲ, ಉತ್ತರ ಕೊಡದ ಮಂತ್ರಿಗೆ ಸೈದು ಯಾರೆಂದೇ ಗೊತ್ತಿಲ್ಲ, ಅಬು ನಾಸಿರ್ ತನ್ನ ವ್ಯಾಪಾರ ನೋಡಿಕೊಂಡ. ಎಲ್ಲರೂ ತಂತಮ್ಮ ಹಗ್ಗ ಹಿಡಿದು ನಿಂತಿದ್ದರು, ನಡುವಿನಲ್ಲಿ ಇವನು. ಬಿಟ್ಟು ಓಡಿ ಹೋಗು ಎಂದು ಹೇಳಲು ನನಗೂ ಧೈರ್ಯ ಸಾಲಲಿಲ್ಲ. ಓಡಿದರೆ ಮದುವೆಯ ಖರ್ಚು ಯಾರು ಕೊಡುತ್ತಾರೆ? ನಾನೇ ಓಡಿರಲಿಲ್ಲ.

ಹುಡುಗನ ಕಡೆಯವರು ಈ ಸಲ ಒಂದು ದಿನವೂ ತಡೆಯಲಾಗದು ಎಂದರು. ಅವರದ್ದೂ ತಪ್ಪಲ್ಲ. ಶಹನಾ ಮೂರು ದಿನ ಫೋನಿಗೆ ಬರಲಿಲ್ಲ. ನಾಲ್ಕನೇ ದಿನ ಬಂದು, ಆಯಿತು ಉಪ್ಪಾ ಎಂದಳಂತೆ. ಅಷ್ಟೇ.

ನಿಕಾಹ್ ದಿನ ಸೈದು ಅಹ್ಮದಿ ಕಡೆ, ಐದನೇ ಕ್ಷೇತ್ರದ ಒಬ್ಬ ಅಭ್ಯರ್ಥಿಯ ಟೆಂಟು ಏರಿಸುತ್ತಿದ್ದ. ನಾನು ಯಾವುದೋ ನೆಪ ಮಾಡಿ ಜೊತೆಗೆ ಹೋಗಿದ್ದೆ. ಕೆಲಸದ ನೀಲಿ ಅಂಗಿಯ ಒಳಗೆ ಅವನು ಆ ಬಿಳಿ ಶರ್ಟು ಹಾಕಿಕೊಂಡದ್ದು ಕಾಲರಿನ ಹತ್ತಿರ ಕಾಣುತ್ತಿತ್ತು. ಊರಿನಲ್ಲಿ ಉಸ್ತಾದರು ಕುಳಿತಾಯಿತೆಂದು ಅಬ್ದುಲ್ ಲತೀಫ್ ಫೋನು ಮಾಡಿದಾಗ ನಾವು ಗದ್ದಲ ತಪ್ಪಿಸಿಕೊಳ್ಳಲು ಹೆಂಗಸರ ಟೆಂಟಿನೊಳಗೆ ಹೋದೆವು. ಅಲ್ಲಿ ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ಹೊರತು ಯಾರೂ ಇರಲಿಲ್ಲ. ತಂದೆ ವಕೀಲನನ್ನು ನೇಮಿಸುವ ಮಾತನ್ನು ಉಸ್ತಾದರೂ ಸಾಕ್ಷಿಗಳೂ ಸ್ಪಷ್ಟವಾಗಿ ಕೇಳಬೇಕಿತ್ತು. ಸೈದು ಬಾಯಿ ತೆರೆದ. ಅದೇ ಕ್ಷಣಕ್ಕೆ ತಲೆಯ ಮೇಲಿನ ಲೌಡ್‌ಸ್ಪೀಕರಿನಲ್ಲಿ ಗುಡುಗಿನ ಹಾಗೆ ಅರಬಿ ಭಾಷಣ ಸುರಿಯಿತು. ಗಂಡಸರ ಟೆಂಟಿನಲ್ಲಿ ಅಭ್ಯರ್ಥಿ ಮೈಕು ಪರೀಕ್ಷೆ ಮಾಡುತ್ತ ಸಂಜೆಯ ಭಾಷಣ ಅಭ್ಯಾಸ ಮಾಡುತ್ತಿದ್ದ. ಹೆಂಗಸರಿಗೂ ಕೇಳಲಿ ಎಂದು ಆ ಸ್ಪೀಕರನ್ನು ಅಂದು ಬೆಳಿಗ್ಗೆ ಕಟ್ಟಿದ್ದು ಸೈದುವೇ.

ನಾನು ಓಡಿ ಹೋಗಿ ಮೈಕಿನವನಿಗೆ ನಿಲ್ಲಿಸಲು ಸನ್ನೆ ಮಾಡಿದೆ. ಅವನು ಒಂದು ನಿಮಿಷ ಎಂದು ಬೆರಳು ತೋರಿಸಿದ. ಅಭ್ಯರ್ಥಿ ಹೇಳುತ್ತಿದ್ದುದರಲ್ಲಿ ನನಗೆ ಅರ್ಥವಾದದ್ದು ಸ್ವಲ್ಪವೇ: ನಿಮ್ಮ ಪರವಾಗಿ ನಾನು ನಿಲ್ಲುತ್ತೇನೆ, ನಿಮ್ಮ ಮಾತು ನಾನು ಆಡುತ್ತೇನೆ. ಕೇಳಲು ಇದ್ದವರು ಏಣಿಯ ಮೇಲಿದ್ದ ಇಬ್ಬರು ಬಂಗಾಳಿಗಳು ಮತ್ತು ನಾನು. ತಿರುಗಿ ಬಂದು ನೋಡಿದರೆ ಸೈದು ಒಂದು ಕಿವಿ ಮುಚ್ಚಿಕೊಂಡು, ಸೋಫಾದ ಮುಂದೆ ಮೊಣಕಾಲೂರಿ, ಫೋನಿಗೆ ಬಾಯಿ ಒತ್ತಿ ಕಿರುಚುತ್ತಿದ್ದ.

"ಅಬ್ದುಲ್ ಲತೀಫ್, ನನ್ನ ಮಗಳ ನಿಕಾಹ್ ಮಾಡಿ ಕೊಡ್ಲಿಕ್ಕೆ ನಿನ್ನನ್ನು ವಕೀಲ್ ಮಾಡಿದ್ದೇನೆ."

ಕೇಳಿಸಲಿಲ್ಲ ಎಂದರಂತೆ. ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಮಗಳನ್ನು ಒಪ್ಪಿಸುವ ಮಾತನ್ನು ಎರಡು ವರ್ಷ ಮೆಲುದನಿಯಲ್ಲಿ ಕಲಿತವನು, ಒಪ್ಪಿಸುವ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು. ನನಗೆ ನೋಡಲಾಗಲಿಲ್ಲ. ಕೊನೆಗೆ ಅತ್ತಲಿಂದ ಸರಿ ಎಂದರು, ಲೈನು ಕಡಿಯಿತು. ತಮ್ಮ ಕೈ ಕೊಟ್ಟದ್ದು, ಶಬೀರ್ ಒಪ್ಪಿದ್ದು ಯಾವುದನ್ನೂ ಅವನು ಕೇಳಲಿಲ್ಲ. ಮತ್ತೆ ಲೈನು ಸಿಕ್ಕಿದಾಗ ಅಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. ಶಹನಾ ಬಂದಳು. ಸ್ಪೀಕರ್ ಆಗ ನಿಂತಿತ್ತು, ಅವಳ ಸ್ವರ ನನಗೂ ಕೇಳಿಸಿತು.

"ಉಪ್ಪಾ, ಟೆಂಟ್ ಎದ್ದು ನಿಂತಿತಾ?"

"ನಿಂತಿತು ಮಗಳೇ" ಎಂದ ಸೈದು.

ಅವನು ಊರಿಗೆ ಹೋದದ್ದು ಜೂನಿನಲ್ಲಿ, ಚುನಾವಣೆ ಮುಗಿದ ಮೇಲೆ. ಶಬೀರ್ ರಜೆ ಮುಗಿಸಿ ಜುಬೈಲಿಗೆ ಮರಳಿದ್ದ. ಸುಲೈಖಾ ಆಲ್ಬಮ್ ತೋರಿಸಿದಳಂತೆ. ಅದರಲ್ಲಿ ಅಬ್ದುಲ್ ಲತೀಫ್ ಅಳಿಯನ ಕೈ ಹಿಡಿದು ಕುಳಿತ ಫೋಟೊ ಇತ್ತು. ಸೈದು ಅದರ ಒಂದು ಪ್ರತಿ ತಂದು ರೂಮಿನ ಗೋಡೆಗೆ ಅಂಟಿಸಿದ್ದ. ಆಮೇಲೆ ಹನ್ನೊಂದರಲ್ಲಿ ಮತ್ತೆ ಹೋಗಿ ಬಂದ, ಆಗಲೂ ಅಳಿಯ ಏಪ್ರಿಲಿನಲ್ಲಿ ಬಂದು ಹೋಗಿಯಾಗಿತ್ತು. ಮಾವ ಅಳಿಯ ಇ‌ಬ್ಬರೂ ಕೊಲ್ಲಿಯ ಒಂದೇ ದಡದಲ್ಲಿ, ಬಸ್ಸಿನಲ್ಲಿ ಒಂದು ದಿನದ ದಾರಿ. ಎರಡು ವೀಸಾ, ಎರಡು ಕಫೀಲ್, ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗ ಸೈದು ಹನ್ನೆರಡರ ಫೆಬ್ರವರಿಯ ಚುನಾವಣೆಗೆ ಚಳಿಯಲ್ಲಿ ಗೂಟ ಹೊಡೆಯುತ್ತಿದ್ದ. ಹೌದು, ಒಂಬತ್ತರ ಆ ಮಜ್ಲಿಸೂ ಅವಧಿಗೆ ಮೊದಲೇ ಹೋಗಿತ್ತು. ಅವನು ಪೇಪರಿನಲ್ಲಿ ಆ ಶಬ್ದ ಹುಡುಕುವುದನ್ನು ಯಾವತ್ತೋ ಬಿಟ್ಟಿದ್ದ.

ಅದೇ ವರ್ಷದ ಜೂನಿನಲ್ಲಿ ಒಂದು ಸಂಜೆ ಖೈತಾನಿನ ಮಲಯಾಳಿ ಹೋಟೆಲಿನಲ್ಲಿ ಚಾ ಕುಡಿಯುತ್ತ ನಾನು ಪೇಪರ್ ಓದುತ್ತಿದ್ದೆ. ಕುವೈತಿನ ಸಾಂವಿಧಾನಿಕ ಕೋರ್ಟು ಫೆಬ್ರವರಿಯ ಚುನಾವಣೆಯನ್ನೇ ರದ್ದು ಮಾಡಿತ್ತು. ಹಿಂದಿನ ಮಜ್ಲಿಸನ್ನು ವಿಸರ್ಜಿಸಿದ ಕ್ರಮ ಸರಿ ಇರಲಿಲ್ಲವಂತೆ. ಆದ್ದರಿಂದ ಆ ಹಳೆಯ ಮಜ್ಲಿಸೇ, ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ ಆರಿಸಿದ್ದೇ, ಮರಳಿ ಬರಬೇಕೆಂದು ತೀರ್ಪು. ವಿಚಿತ್ರವೆನಿಸಿ ಸೈದುವಿಗೆ ಓದಿ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟ.

"ಒಂಬತ್ತರದ್ದಾ? ನಾನು ಅಹ್ಮದಿಯಲ್ಲಿ ಟೆಂಟು ಕಟ್ಟಿದ್ದಲ್ಲ, ಅದೇ ಮಜ್ಲಿಸಾ?"

ಅದೇ ಎಂದೆ.

"ಆಗಿ ಹೋದದ್ದನ್ನು ಆಗಿಲ್ಲ ಅಂತ ಹೇಳಿ, ಹಳೆಯದನ್ನು ಪುನಃ ತಂದು ಕೂರಿಸ್ಲಿಕ್ಕೆ ಆಗ್ತದಾ ಇವರಿಗೆ?"

ಕೋರ್ಟು ಹೇಳಿದೆಯಲ್ಲ ಎಂದೆ. ಹೊರಗೆ ಕೆಲಸದವರ ಬಸ್ಸುಗಳು, ಹಾರ್ನು, ಸೆಕೆ. ನಾನು ಮುಂದಿನ ಸುದ್ದಿಗೆ ಹೋಗಿದ್ದೆ.

"ಹಾಗಾದ್ರೆ ನನ್ನ ಆ ಏಪ್ರಿಲ್ ಎಲ್ಲಿ ಪೊರ್ಬುಗಳೇ?" ಎಂದ. "ಅದನ್ನೂ ಕೊಡ್ಬೇಕಲ್ಲ."

ನಾನು ಪೇಪರ್ ಮಡಚಿದೆ. ಅವನ ಗಡ್ಡ ಆಗ ಪೂರ್ತಿ ಬೆಳ್ಳಗಾಗಿತ್ತು. ಮೇಜಿನ ಮೇಲಿಂದ ಗ್ಲಾಸುಗಳನ್ನು ಬದಿಗೆ ಸರಿಸಿ, ಹಗ್ಗ ಎಳೆದು ಎಳೆದು ಮರಗಟ್ಟಿದ ಬಲಗೈಯನ್ನು ನನ್ನ ಕಡೆ ಚಾಚಿದ. ನಾನು ಕೈ ಕೊಟ್ಟೆ. ಹೆಬ್ಬೆರಳಿಗೆ ಹೆಬ್ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದ. ಆ ಗದ್ದಲದ ನಡುವೆ ಮೆಲುದನಿಯಲ್ಲಿ ಶುರು ಮಾಡಿದ. ಮೂರು ವರ್ಷದಿಂದ ಹೇಳದಿದ್ದರೂ ಒಂದು ಅಕ್ಷರ ಮರೆತಿರಲಿಲ್ಲ. ಬಿನ್ತೀ ಎಂಬಲ್ಲಿಗೆ ಬಂದಾಗ ಸ್ವರ ತಗ್ಗಿತು, ಮಗಳ ಹೆಸರು ಹೇಳಿದ, ಕೊನೆಯ ತನಕ ಹೇಳಿ ನಿಲ್ಲಿಸಿದ.

ಮೊದಲೆಲ್ಲ ಇಷ್ಟಾದ ಮೇಲೆ ನಕ್ಕು ಕೈ ಬಿಡುತ್ತಿದ್ದ. ಈಗ ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕಾಯುತ್ತ ಕುಳಿತ. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಹೇಳಬಾರದೆಂದು ಅವನೇ ತಡೆದಿದ್ದ ಮಾತು ಅದು, ಶಬೀರ್ ಹೇಳಬೇಕಾದ ಮಾತು.

ಕಬಿಲ್ತು ಎಂದೆ. ಆಮೇಲೆಯೇ ಅವನು ಕೈ ಬಿಟ್ಟದ್ದು.